ಹಾಡು ಉಪ್ಪಿನಕಾಯಿಯಲ್ಲ

ಧರ್ಮಗ್ರಂಥದ ಅರ್ಥ ಬಿಡಿಸುವುದು ಗದ್ಯದ ಕೆಲಸ, ಹಾಡಿನ ಕೆಲಸವೇನಿದ್ದರೂ ಆ ಅರ್ಥವನ್ನು ನೆನಪಿನಲ್ಲಿ ಉಳಿಸುವುದು. ಓದಿದವರ ನಡುವೆ ಈ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇಲ್ಲ. ಊಟವೆಂದರೆ ಅನ್ನ, ಸಾರು, ಪಲ್ಯ. ಹಾಡು ಎಲೆಯ ತುದಿಯಲ್ಲಿ ಬಡಿಸುವ ಉಪ್ಪಿನಕಾಯಿ. ಇದ್ದರೆ ಚೆನ್ನ, ಇಲ್ಲದಿದ್ದರೆ ಹಸಿವೇನೂ ಉಳಿಯುವುದಿಲ್ಲ.

ಯೆಹೂದಿ ಧರ್ಮಗ್ರಂಥದ ವಿಷಯ ಬಂದಾಗ ಈ ನಂಬಿಕೆ ಇನ್ನೂ ಬಿಗಿಯಾಗುತ್ತದೆ. ಆ ಪರಂಪರೆಯೆಂದರೆ ನಮ್ಮ ಕಣ್ಣ ಮುಂದೆ ಬರುವುದು ದಪ್ಪ ಪುಸ್ತಕಗಳ ಮೇಲೆ ಬಾಗಿ ಕೂತ ಗಡ್ಡದ ಗಂಡಸರು, ಸಾಲಿನ ಸುತ್ತ ಸಾಲು ಬೆಳೆದ ಟೀಕೆ ಟಿಪ್ಪಣಿ, ಎಂದೂ ಮುಗಿಯದ ವಾದ. ಈ ಚಿತ್ರ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧದಲ್ಲಿ ಅದೇ ಗ್ರಂಥವನ್ನು ಹೊಸ ಹಾಡು ಕಟ್ಟಿ ಓದಿದವರಿದ್ದಾರೆ. ಅವರನ್ನು ‘ಸಂಗೀತ’ದ ಕಪಾಟಿಗೋ ‘ಜಾನಪದ’ದ ಕಪಾಟಿಗೋ ತಳ್ಳಿ, ವ್ಯಾಖ್ಯಾನದ ಕಪಾಟಿಗೆ ಬೀಗ ಹಾಕಿಕೊಂಡಿದ್ದೇವೆ.

ನನ್ನ ವಾದ ಇಷ್ಟು: ಶಾಸ್ತ್ರವನ್ನು ಹಿಡಿದು ಹೊಸದಾಗಿ ಕಟ್ಟಿದ ಹಾಡು ವ್ಯಾಖ್ಯಾನವೇ. ವ್ಯಾಖ್ಯಾನದ ಹಾಗೆ, ವ್ಯಾಖ್ಯಾನದ ಬದಲಿಗೆ ಎಂಬಂಥ ರಿಯಾಯಿತಿ ಮಾತು ಅದಕ್ಕೆ ಬೇಡ. ಹಾಗೆ ಒಪ್ಪಿಕೊಂಡ ಮೇಲೆ ಅದರ ಬೆಲೆಯನ್ನೂ ತೆರಬೇಕು. ಹಾಡನ್ನು ಟೀಕೆಯಂತೆಯೇ ಪರೀಕ್ಷಿಸಬೇಕು, ತಪ್ಪಿದ್ದರೆ ತಪ್ಪೆನ್ನಬೇಕು. ಹಾಗಾಗಿ ಈ ಬರಹಕ್ಕೆ ಇಬ್ಬರು ಎದುರಾಳಿಗಳು. ಹಾಡನ್ನು ಒಳಗೆ ಬಿಡದ ಪಂಡಿತರು ಒಬ್ಬರು, ಒಳಗೆ ಬಿಟ್ಟು ಯಾವ ಪ್ರಶ್ನೆಯನ್ನೂ ಕೇಳದ ಅಭಿಮಾನಿಗಳು ಇನ್ನೊಬ್ಬರು.

ಮೊದಲು ಪಂಡಿತರ ಪಕ್ಷ. ಅವರ ಬಳಿ ಪ್ರಮಾಣವಿಲ್ಲದೆ ಇಲ್ಲ. ತಾಲ್ಮುದಿನ ಸನ್ಹೆದ್ರಿನ್ ಭಾಗದಲ್ಲಿ ಒಂದು ಕಟುವಾದ ಮಾತಿದೆ. ಪರಮಗೀತದ ಸಾಲನ್ನು ಯಾರಾದರೂ ಹಾಡಿನಂತೆ ಮಾಡಿಕೊಂಡರೆ ಲೋಕಕ್ಕೆ ಕೇಡು. ಆಗ ತೋರಾ ಗೋಣಿತಟ್ಟು ಉಟ್ಟು ದೇವರ ಮುಂದೆ ನಿಂತು, ನಿನ್ನ ಮಕ್ಕಳು ನನ್ನನ್ನು ಪೋಲಿಗಳು ನುಡಿಸುವ ವಾದ್ಯ ಮಾಡಿಕೊಂಡಿದ್ದಾರೆ ಎಂದು ದೂರು ಹೇಳುತ್ತದಂತೆ. ಔತಣದ ಮನೆಯಲ್ಲಿ ಪರಮಗೀತವನ್ನು ರಾಗವೆಳೆದು ಹಾಡುವವನಿಗೆ ಪರಲೋಕದಲ್ಲಿ ಪಾಲಿಲ್ಲ ಎಂದು ರಬ್ಬಿ ಅಕೀವ ಹೇಳಿದ್ದು ತೋಸೆಫ್ತಾದಲ್ಲಿ ದಾಖಲಾಗಿದೆ.

ಆದರೆ ಅದೇ ತಾಲ್ಮುದಿನ ಮೆಗಿಲ್ಲಾ ಭಾಗದ ಕೊನೆಯ ಪುಟಕ್ಕೆ ಬನ್ನಿ. ಅಲ್ಲಿ ರಬ್ಬಿ ಯೋಹಾನಾನನ ಹೆಸರಿನಲ್ಲಿ ಬರುವ ಮಾತು ನೇರ ಎದುರು ದಿಕ್ಕಿನದು. ಇಂಪಿಲ್ಲದೆ ಓದುವವನಿಗೆ, ರಾಗವಿಲ್ಲದೆ ಪಾಠ ಕಲಿಯುವವನಿಗೆ, ದೇವರ ಕಟ್ಟಳೆಗಳೇ ಒಳಿತಲ್ಲದ ಕಟ್ಟಳೆಗಳಾಗಿಬಿಡುತ್ತವೆ. ಒಂದೇ ಗ್ರಂಥರಾಶಿಯಲ್ಲಿ ಎರಡು ತೀರ್ಪು! ಮೊದಲನೆಯದನ್ನು ಮಾತ್ರ ಉದ್ಧರಿಸುವವರು ಪರಂಪರೆಯ ರಕ್ಷಣೆ ಮಾಡುತ್ತಿಲ್ಲ, ಪರಂಪರೆಯ ಒಂದು ಬಾಯಿಯನ್ನು ಮುಚ್ಚುತ್ತಿದ್ದಾರೆ. ಸನ್ಹೆದ್ರಿನ್ನಿನ ಸಿಟ್ಟನ್ನೂ ಸರಿಯಾಗಿ ಓದಬೇಕು. ಸಾಲನ್ನು ಅದರ ಸಂದರ್ಭದಿಂದ ಕಿತ್ತು ಕುಡಿತದ ಮನೆಯ ಮೋಜಿಗೆ ಬಳಸಿದ್ದಕ್ಕೆ ಆ ಸಿಟ್ಟು. ಹಾಡಿದ್ದೇ ತಪ್ಪು ಎನ್ನುವುದಾದರೆ ವಾರವಾರವೂ ಸಿನಗಾಗಿನಲ್ಲಿ ನಡೆಯುವುದೇನು?

ಏಕೆಂದರೆ ಸಿನಗಾಗಿನಲ್ಲಿ ತೋರಾವನ್ನು ಸುಮ್ಮನೆ ಓದುವುದಿಲ್ಲ, ರಾಗವಾಗಿ ಓದುತ್ತಾರೆ. ಹೀಬ್ರೂ ಬೈಬಲಿನ ಮುದ್ರಿತ ಪ್ರತಿಯಲ್ಲಿ ಅಕ್ಷರಗಳ ಕೆಳಗೂ ಮೇಲೂ ಸ್ವರಚಿಹ್ನೆಗಳ ಜೊತೆಗೆ ಇನ್ನೊಂದು ಗುಂಪಿನ ಚಿಹ್ನೆಗಳಿವೆ. ಇವನ್ನು ‘ತೆಅಮೀಮ್’ ಎನ್ನುತ್ತಾರೆ. ತಿಬೇರಿಯ ಊರಿನ ಮಸೊರೆತ್ ವಿದ್ವಾಂಸರು ಹತ್ತನೆಯ ಶತಮಾನದ ಹೊತ್ತಿಗೆ ಈ ಪದ್ಧತಿಯನ್ನು ಪೂರ್ಣಗೊಳಿಸಿದರು. ಒಂದೊಂದು ಚಿಹ್ನೆಯೂ ಏಕಕಾಲಕ್ಕೆ ಮೂರು ಕೆಲಸ ಮಾಡುತ್ತದೆ: ಪದದ ಒತ್ತು ಎಲ್ಲಿ ಎಂದು ತೋರಿಸುತ್ತದೆ, ಅದರ ಧಾಟಿ ಯಾವುದು ಎಂದು ಹೇಳುತ್ತದೆ, ವಾಕ್ಯ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಮರದ ಚಿತ್ರ ಬರೆದು ಬಿಡಿಸುವ ವಾಕ್ಯರಚನೆಯನ್ನು ಅವರು ರಾಗದಲ್ಲಿ ಬಿಡಿಸಿಟ್ಟಿದ್ದಾರೆ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ಎಲ್ಲಿ ಒಡೆದು ಹಾಡುತ್ತಾನೆ ಎಂಬುದರ ಮೇಲೆ ಅರ್ಥ ಬದಲಾಗುವುದನ್ನು ಕೇಳಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಇದರ ತೂಕ ಗೊತ್ತಾಗಬೇಕಾದರೆ ಯೆಶಾಯನ ನಲವತ್ತನೆಯ ಅಧ್ಯಾಯದ ಮೂರನೆಯ ವಚನ ನೋಡಿ. ಒಂದು ದನಿ ಕೂಗುತ್ತಿದೆ, ಅಡವಿಯಲ್ಲಿ ದಾರಿ ಸಿದ್ಧವಾಗಬೇಕು. ಅಡವಿಯಲ್ಲಿರುವುದು ದನಿಯೋ ದಾರಿಯೋ? ಹೀಬ್ರೂ ಪಾಠದ ರಾಗಚಿಹ್ನೆ ‘ಕೂಗುವ ದನಿ’ ಎಂಬಲ್ಲಿ ನಿಲ್ಲಿಸಿ, ಅಡವಿಯನ್ನು ದಾರಿಯ ಕಡೆಗೆ ಸೇರಿಸುತ್ತದೆ. ಗ್ರೀಕ್ ಅನುವಾದವನ್ನು ಅನುಸರಿಸಿದ ಸುವಾರ್ತೆಗಳು ಅಡವಿಯನ್ನು ದನಿಯ ಕಡೆಗೆ ಸೇರಿಸಿದವು. ಅಡವಿಯಲ್ಲಿ ಕೂಗುವವನು ಸ್ನಾನಿಕ ಯೋಹಾನನಾದದ್ದು ಹಾಗೆ. ಎರಡು ಧರ್ಮಗಳ ನಡುವಿನ ಒಂದು ದೊಡ್ಡ ಭೇದ ಒಂದು ನಿಲುಗಡೆಯ ಮೇಲೆ ನಿಂತಿದೆ. ಯೆಹೂದಿಗಳ ಪಾಠದಲ್ಲಿ ಆ ನಿಲುಗಡೆಯನ್ನು ಕಾಯುತ್ತಿರುವುದು ರಾಗ.

ಇನ್ನೊಂದು ಚಿಹ್ನೆ ‘ಶಲ್ಶೆಲೆತ್’, ಅಂದರೆ ಸರಪಳಿ. ಉದ್ದವಾಗಿ ಏರಿಳಿದು ನಡುಗುವ ಧಾಟಿ ಅದರದು. ಐದು ಕಾಂಡಗಳ ಇಡೀ ತೋರಾದಲ್ಲಿ ಅದು ಬರುವುದು ನಾಲ್ಕೇ ಸಲ. ಸೊದೋಮ್ ಬಿಟ್ಟು ಹೊರಡಲಾರದೆ ಲೋಟನು ತಡಮಾಡುವಾಗ, ಇಸಾಕನಿಗೆ ಹೆಣ್ಣು ಹುಡುಕಲು ಹೋದ ಸೇವಕ ಪ್ರಾರ್ಥಿಸುವಾಗ, ಯಜಮಾನನ ಹೆಂಡತಿ ಕರೆದಾಗ ಯೋಸೇಫ ನಿರಾಕರಿಸುವಾಗ, ಆರೋನನನ್ನು ಯಾಜಕನಾಗಿ ಪ್ರತಿಷ್ಠಿಸುವ ಬಲಿಯ ಹೊತ್ತಿನಲ್ಲಿ ಮೋಶೆಯ ಕೈ ಪಶುವಿನ ಮೇಲಿರುವಾಗ. ಯೋಸೇಫನ ಜಾಗವನ್ನೇ ತೆಗೆದುಕೊಳ್ಳಿ. ಪಠ್ಯ ಹೇಳುವುದು ‘ನಿರಾಕರಿಸಿದನು’ ಎಂಬ ಒಂದೇ ಕ್ರಿಯಾಪದ. ರಾಗ ಮಾತ್ರ ಆ ಪದದ ಮೇಲೆ ತಡವರಿಸುತ್ತದೆ. ಅವನು ಒಪ್ಪುವ ಅಂಚಿಗೆ ಬಂದಿದ್ದ, ಆಗ ತಂದೆಯ ಮುಖ ಕಿಟಕಿಯಲ್ಲಿ ಕಂಡಿತು ಎಂದು ತಾಲ್ಮುದಿನಲ್ಲಿ ಒಂದು ಕಥೆಯಿದೆ. ಈ ಚಿಹ್ನೆಯನ್ನು ಮನಸ್ಸಿನ ಹೊಯ್ದಾಟವೆಂದು ಓದಿದ ವ್ಯಾಖ್ಯಾನಕಾರರು ಹಲವರು. ಪದ ‘ಇಲ್ಲ’ ಎನ್ನುತ್ತದೆ, ರಾಗ ‘ಸುಲಭವಾಗಿರಲಿಲ್ಲ’ ಎನ್ನುತ್ತದೆ. ಇದು ವ್ಯಾಖ್ಯಾನವಲ್ಲದಿದ್ದರೆ ಯಾವುದು ವ್ಯಾಖ್ಯಾನ?

‘ಅದು ಪಾಠದ ರಾಗ, ನೀವು ಮಾತಾಡುತ್ತಿರುವುದು ಹೊಸದಾಗಿ ಕಟ್ಟಿದ ಹಾಡಿನ ಬಗ್ಗೆ’ ಎಂಬ ಆಕ್ಷೇಪ ಬರಬಹುದು. ಸರಿ, ಅಲ್ಲಿಗೇ ಹೋಗೋಣ. ಹೊಸ ಹಾಡು ಕಟ್ಟಿ ಘಟನೆಯನ್ನು ಅರ್ಥೈಸುವ ಪದ್ಧತಿ ಬೈಬಲಿನ ಒಳಗೇ ಇದೆ.

ನ್ಯಾಯಸ್ಥಾಪಕರ ಪುಸ್ತಕದ ನಾಲ್ಕನೆಯ ಅಧ್ಯಾಯ ಗದ್ಯ, ಐದನೆಯದು ದೆಬೋರಳ ಹಾಡು. ಎರಡರಲ್ಲೂ ಕಥೆ ಒಂದೇ. ಸೋತು ಓಡಿಬಂದ ಸೇನಾಪತಿ ಸೀಸೆರನನ್ನು ಯಾಯೇಲಳು ತನ್ನ ಗುಡಾರದಲ್ಲಿ ಕೊಲ್ಲುತ್ತಾಳೆ. ಗದ್ಯದಲ್ಲಿ ಅವನು ನಿದ್ದೆಹೋಗಿರುತ್ತಾನೆ. ಹಾಡಿನಲ್ಲಿ ಅವನು ಕುಸಿಯುತ್ತಾನೆ, ಬೀಳುತ್ತಾನೆ, ಅವಳ ಕಾಲ ಬಳಿ ಉರುಳುತ್ತಾನೆ. ಆಮೇಲೆ ಹಾಡು ಗದ್ಯ ಕನಸಿನಲ್ಲೂ ಹೋಗದ ಕಡೆಗೆ ತಿರುಗುತ್ತದೆ: ಸೀಸೆರನ ತಾಯಿ ಕಿಟಕಿಯಲ್ಲಿ ನಿಂತು, ಮಗನ ರಥ ಏಕೆ ಇನ್ನೂ ಬರಲಿಲ್ಲ ಎಂದು ಕಾಯುತ್ತಿದ್ದಾಳೆ. ಸುತ್ತಲಿನ ಕುಲೀನ ಹೆಂಗಸರು ಸಮಾಧಾನ ಹೇಳುತ್ತಾರೆ: ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ತಲೆಗೆ ಒಬ್ಬಳೋ ಇಬ್ಬರೋ ಹುಡುಗಿಯರು. ಹೀಬ್ರೂವಿನಲ್ಲಿ ಇಲ್ಲಿ ಹುಡುಗಿ ಎಂಬುದಕ್ಕೆ ಬಳಸಿರುವ ಪದ ‘ರಹಮ್’, ಗರ್ಭ ಎಂಬ ಅರ್ಥದ್ದು. ಸೈನಿಕರ ಹೊಲಸು ಮಾತನ್ನು ಹೆಂಗಸರ ಬಾಯಲ್ಲಿಟ್ಟು ಹಾಡು ತಾಯಿಯ ಮೇಲಿನ ಕನಿಕರವನ್ನೂ ಅವಳ ಲೋಕದ ಕ್ರೌರ್ಯವನ್ನೂ ಒಟ್ಟಿಗೇ ನಮ್ಮ ಮಡಿಲಿಗೆ ಹಾಕುತ್ತದೆ. ಈ ಹಾಡು ಹೀಬ್ರೂವಿನ ಅತಿ ಹಳೆಯ ಕಾವ್ಯಗಳಲ್ಲೊಂದು, ಗದ್ಯಕ್ಕಿಂತ ಹಿಂದಿನದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ ಹಾಡು ಮೂಲ, ಗದ್ಯವೇ ಟೀಕೆ. ಉಪ್ಪಿನಕಾಯಿ ಯಾವುದು, ಅನ್ನ ಯಾವುದು, ಈಗ ಹೇಳಿ.

ಮಿರ್ಯಾಮಳ ಪ್ರಸಂಗ ಇನ್ನೂ ಸ್ವಾರಸ್ಯದ್ದು. ವಿಮೋಚನಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಸಮುದ್ರ ದಾಟಿದ ಮೇಲೆ ಮೋಶೆಯ ಹಾಡಿಗೆ ಹದಿನೆಂಟು ವಚನಗಳಿವೆ. ಅವನ ಅಕ್ಕ ದಮ್ಮಡಿ ಹಿಡಿದು ಬರುತ್ತಾಳೆ. ಅವಳ ಪಾಲಿಗೆ ಸಿಗುವುದು ಒಂದೇ ವಚನ, ಅದೂ ತಮ್ಮನ ಮೊದಲ ಸಾಲಿನಂಥದ್ದೇ. ಆದರೆ ಕ್ರಿಯಾಪದ ಬೇರೆ. ಅವನದು ‘ಆಶೀರಾ’, ನಾನು ಹಾಡುವೆನು. ಅವಳದು ‘ಶೀರೂ’, ನೀವು ಹಾಡಿರಿ. ಅವನು ತನ್ನ ಹಾಡು ಹಾಡುತ್ತಾನೆ, ಅವಳು ಊರನ್ನು ಹಾಡಿಗೆ ಕರೆಯುತ್ತಾಳೆ. ಕರೆದ ಮೇಲೆ ಅವಳ ಹಾಡು ಎಲ್ಲಿ ಹೋಯಿತು? ಈ ಪ್ರಶ್ನೆ ಇಂದಿನ ಸ್ತ್ರೀವಾದಿಗಳು ಹುಟ್ಟಿಸಿದ್ದಲ್ಲ. ಮೃತಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಒಂದು ಸುರುಳಿಯ ಚೂರಿನಲ್ಲಿ (ವಿದ್ವಾಂಸರು ಅದನ್ನು 4ಕ್ಯೂ365 ಎಂದು ಗುರುತಿಸುತ್ತಾರೆ) ಸರಿಯಾಗಿ ಆ ಜಾಗದಲ್ಲಿ ಮಿರ್ಯಾಮಳಿಗೆ ಇನ್ನಷ್ಟು ಸಾಲುಗಳಿವೆ. ಯಾರೋ ಪಠ್ಯದ ಬಿರುಕು ಕಂಡರು, ಹಾಡು ಕಟ್ಟಿ ತುಂಬಿದರು. 1951ರಲ್ಲಿ ಹುಟ್ಟಿದ ಅಮೆರಿಕದ ಗಾಯಕಿ ಡೆಬ್ಬಿ ಫ್ರೀಡ್‌ಮನ್ ಮಿರ್ಯಾಮಳ ಹಾಡು ಬರೆದಾಗ ಆಕೆ ಹೊಸ ಫ್ಯಾಷನ್ ಶುರುಮಾಡಲಿಲ್ಲ, ಹಳೆಯ ಕೆಲಸವನ್ನು ಮುಂದುವರಿಸಿದರು. ಆಕೆ ತೀರಿಕೊಂಡ 2011ರಲ್ಲಿ ಅಮೆರಿಕದ ರಿಫಾರ್ಮ್ ಯೆಹೂದಿಗಳ ಹೀಬ್ರೂ ಯೂನಿಯನ್ ಕಾಲೇಜು ತನ್ನ ಸಂಗೀತಶಾಲೆಗೆ ಆಕೆಯ ಹೆಸರಿಟ್ಟಿತು.

ಗದ್ಯಟೀಕೆ ಹೇಳಲಾಗದ್ದನ್ನು ಹಾಡು ಹೇಗೆ ಹೇಳುತ್ತದೆ ಎಂಬುದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆ ಇಸಾಕನ ಬಲಿಯ ಕಥೆ. ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಇಸಾಕ ಬಾಯಿಬಿಡುವುದು ಬೆಟ್ಟ ಹತ್ತುವ ದಾರಿಯಲ್ಲಿ ಮಾತ್ರ. ಅಪ್ಪಾ ಎಂದು ಕರೆದು, ಬಲಿಯ ಕುರಿ ಎಲ್ಲಿ ಎಂದು ಕೇಳುತ್ತಾನೆ. ಕಟ್ಟಿಹಾಕುವಾಗ ಮಾತಿಲ್ಲ, ಕತ್ತಿ ಎತ್ತುವಾಗ ಮಾತಿಲ್ಲ. ಕೊನೆಯಲ್ಲಿ ಅಬ್ರಹಾಮ ಆಳುಗಳ ಬಳಿಗೆ ಹಿಂತಿರುಗಿದನು ಎಂದಿದೆ, ಇಸಾಕನ ಹೆಸರೇ ಇಲ್ಲ. ಮುಂದಿನ ಅಧ್ಯಾಯ ತೆರೆದರೆ ಸಾರಾ ಸತ್ತಿದ್ದಾಳೆ. ಈ ಎರಡು ಮೌನಗಳು ಯೆಹೂದಿ ವ್ಯಾಖ್ಯಾನಪರಂಪರೆಯನ್ನು ಸಾವಿರಾರು ವರ್ಷ ನಿದ್ದೆಗೆಡಿಸಿವೆ.

ಹನ್ನೆರಡನೆಯ ಶತಮಾನದಲ್ಲಿ ಯೆಹೂದಾ ಇಬ್ನ್ ಅಬ್ಬಾಸ್ ಎಂಬ ಕವಿ ಇದರ ಮೇಲೊಂದು ಪಿಯ್ಯುತ್ ಬರೆದರು. ಪಿಯ್ಯುತ್ ಎಂದರೆ ಪ್ರಾರ್ಥನೆಯ ನಡುವೆ ಹಾಡಲು ಹೊಸದಾಗಿ ಕಟ್ಟಿದ ಪದ್ಯ. ಸೆಫಾರ್ದಿ ಸಿನಗಾಗುಗಳಲ್ಲಿ ಹೊಸ ವರ್ಷದ ದಿನ, ಕೊಂಬು ಊದುವ ಮುನ್ನ ಅದನ್ನು ಇಂದಿಗೂ ಹಾಡುತ್ತಾರೆ. ಅದರಲ್ಲಿ ಬಲಿಪೀಠದ ಮೇಲಿನ ಇಸಾಕ ತಾಯಿಯನ್ನು ನೆನೆಯುತ್ತಾನೆ. ತೊಂಬತ್ತರ ವಯಸ್ಸಿನಲ್ಲಿ ಹೆತ್ತ ಮಗ ಕತ್ತಿಗೂ ಬೆಂಕಿಗೂ ಪಾಲಾದನೆಂದು ಅಮ್ಮನಿಗೆ ತಿಳಿಸು ಎಂದು ತಂದೆಗೆ ಹೇಳುತ್ತಾನೆ. ಕಥೆಯಿಂದ ಪೂರ್ತಿ ಹೊರಗಿದ್ದ ಸಾರಾ ಒಂದು ಹಾಡಿನಿಂದ ಬೆಟ್ಟದ ಮೇಲೆ ಬಂದಳು.

1969ರಲ್ಲಿ ಮಾಂಟ್ರಿಯಲ್‌ನ ಯೆಹೂದಿ ಕವಿ ಲಿಯೊನಾರ್ಡ್ ಕೋಹೆನ್ ಅದೇ ಕಥೆಯನ್ನು ಮಗುವಿನ ಬಾಯಲ್ಲಿ ಹೇಳಿಸಿದರು. ತಂದೆ ಕೋಣೆಯೊಳಗೆ ಬರುವುದನ್ನು ನೋಡುತ್ತಿರುವ ಒಂಬತ್ತು ವರ್ಷದ ಹುಡುಗ ಅವನು. ಹಾಡು ಅಲ್ಲಿಗೇ ನಿಲ್ಲುವುದಿಲ್ಲ. ಈಗಿನ ಮಕ್ಕಳನ್ನು ಬಲಿಕೊಡಲು ಪೀಠ ಕಟ್ಟುತ್ತಿರುವವರ ಕಡೆಗೆ ತಿರುಗುತ್ತದೆ. ಅಬ್ರಹಾಮನಿಗಾದರೂ ದರ್ಶನವಾಗಿತ್ತು, ನಿಮಗೆ ಆಗಿರುವುದೇನು ಎಂದು ಕೇಳುತ್ತದೆ. ವಿಯೆಟ್ನಾಮ್ ಯುದ್ಧಕ್ಕೆ ಹುಡುಗರು ಹೋಗುತ್ತಿದ್ದ ವರ್ಷಗಳು ಅವು. ಈ ಪ್ರಶ್ನೆ ಆದಿಕಾಂಡಕ್ಕೆ ಹೊರಗಿನಿಂದ ಮೆತ್ತಿದ್ದಲ್ಲ. ದೇವರ ಆಜ್ಞೆ ಇಲ್ಲದವರು ಅಬ್ರಹಾಮನ ಕತ್ತಿಯನ್ನು ಎತ್ತಬಹುದೇ ಎಂಬುದು ಆ ಕಥೆ ಓದಿದ ಪ್ರತಿಯೊಬ್ಬರೂ ಕೇಳಲೇಬೇಕಾದ ಪ್ರಶ್ನೆ. ಗದ್ಯದಲ್ಲಿ ಬರೆದವನು ‘ಇಸಾಕನಿಗೆ ಭಯವಾಗಿರಬಹುದು’ ಎನ್ನುತ್ತಾನೆ. ಹಾಡುವವನು ‘ನಾನು’ ಎನ್ನಬೇಕಾಗುತ್ತದೆ. ಆ ‘ನಾನು’ ಹಾಡಿನ ವ್ಯಾಖ್ಯಾನದ ಸಾಧನ. ಅದನ್ನು ಬರೀ ಭಾವುಕತೆ ಎನ್ನುವವರಿಗೆ ಸರ್ವನಾಮದ ಬೆಲೆ ಗೊತ್ತಿಲ್ಲ.

ಈಗ ಇಡೀ ಜಗಳದಲ್ಲಿ ನನಗೆ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹಾಡು ವ್ಯಾಖ್ಯಾನವಲ್ಲ ಎಂದಾಗ ಹೊರಗೆ ಉಳಿಯುವವರು ಯಾರು?

ಶತಮಾನಗಳ ಕಾಲ ಯೆಹೂದಿ ಹೆಂಗಸರಿಗೆ ತಾಲ್ಮುದಿನ ಪಾಠಶಾಲೆಯ ಬಾಗಿಲು ಮುಚ್ಚಿತ್ತು. ಮೇಲಾಗಿ ಹೆಣ್ಣಿನ ದನಿ ನಗ್ನತೆಗೆ ಸಮಾನ ಎಂಬ ಶ್ಮುಯೇಲನ ಮಾತು ತಾಲ್ಮುದಿನಲ್ಲಿದೆ. ಗಂಡಸರ ಕಿವಿಗೆ ಬೀಳುವಂತೆ ಹೆಣ್ಣು ಹಾಡಬಾರದು ಎಂಬ ಕಟ್ಟುಪಾಡು ಅನೇಕ ಸಾಂಪ್ರದಾಯಿಕ ಸಮುದಾಯಗಳಲ್ಲಿ ಇಂದಿಗೂ ಇದೆ. ಗದ್ಯ ಬರೆಯಲು ಕಲಿಸಲಿಲ್ಲ, ಹಾಡಲು ಬಿಡಲಿಲ್ಲ, ಕೊನೆಗೆ ‘ಹೆಂಗಸರ ವ್ಯಾಖ್ಯಾನ ಎಲ್ಲಿದೆ ತೋರಿಸಿ’ ಎಂದು ಕೇಳಿದರು.

ತೋರಿಸಬಹುದು. ದೂರ ಹೋಗಬೇಕಾಗಿಲ್ಲ, ಕೊಚ್ಚಿಗೆ ಹೋದರೆ ಸಾಕು. ಕೇರಳದ ಯೆಹೂದಿ ಹೆಂಗಸರು ತಲೆಮಾರುಗಳಿಂದ ಮಲಯಾಳಂ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ನಕಲು ಮಾಡಿಕೊಂಡು ಬಂದರು. ಮದುವೆಯಲ್ಲಿ, ಹಬ್ಬದಲ್ಲಿ ಒಟ್ಟಾಗಿ ಹಾಡಿದರು. ಅಲ್ಲಿ ಗಂಡಸರು ಕೇಳಿಸಿಕೊಳ್ಳುತ್ತ ಕೂರುವುದಕ್ಕೆ ಅಡ್ಡಿಯಿರಲಿಲ್ಲ. ಆ ಹಾಡುಗಳಲ್ಲಿ ಯೋಸೇಫನಂಥ ಬೈಬಲ್ ಪಾತ್ರಗಳ ಕಥೆಗಳಿವೆ. ಕೆಲವೆಡೆ ಬೈಬಲಿನಲ್ಲಿಲ್ಲದ, ಮಿದ್ರಾಶ್ ಎಂಬ ವ್ಯಾಖ್ಯಾನಸಾಹಿತ್ಯದಲ್ಲಿ ಮಾತ್ರ ಸಿಗುವ ಸಂಗತಿಗಳೂ ಇವೆ. ಅಂದರೆ ಈ ಹೆಂಗಸರು ಕಥೆಯನ್ನು ಬರೀ ಒಪ್ಪಿಸಲಿಲ್ಲ. ಆರಿಸಿದರು, ಜೋಡಿಸಿದರು, ತಮ್ಮ ನುಡಿಯಲ್ಲಿ ತೂಗಿನೋಡಿದರು. 1948ರ ನಂತರ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದಾಗ ನೋಟುಪುಸ್ತಕಗಳೂ ಹೋದವು. ಬಾರ್ಬರಾ ಜಾನ್ಸನ್ ಅವುಗಳನ್ನು ಹುಡುಕಿ ಧ್ವನಿಮುದ್ರಿಸಿದರು. ಸ್ಕರಿಯಾ ಸಕ್ಕರಿಯಾ ಮತ್ತು ಓಫಿರಾ ಗಮ್ಲಿಯೇಲ್ ಸಂಪಾದಿಸಿದ ಮಲಯಾಳಂ-ಹೀಬ್ರೂ ಸಂಕಲನ 2005ರಲ್ಲಿ ಜೆರುಸಲೇಮಿನಲ್ಲಿ ಪ್ರಕಟವಾಯಿತು. ಇಷ್ಟಾದರೂ ಅವುಗಳ ವಿಳಾಸ ‘ಜಾನಪದ ಗೀತೆ’. ಅದೇ ವಿಷಯವನ್ನು ಒಬ್ಬ ರಬ್ಬಿ ಗದ್ಯದಲ್ಲಿ ಬರೆದಿದ್ದರೆ ‘ಮಲಯಾಳಂ ಟೀಕೆ’ ಎಂದು ಕರೆಯುತ್ತಿದ್ದೆವು. ಬದಲಾದದ್ದು ವಿಷಯವಲ್ಲ, ಬರೆದವರ ಲಿಂಗ ಮತ್ತು ಪ್ರಕಾರ.

ಮುಂಬಯಿ, ಪುಣೆಯ ಓದುಗರಿಗೆ ಇನ್ನೂ ಹತ್ತಿರದ ಸಾಕ್ಷಿಯಿದೆ. ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡವರು ಬೆನೆ ಇಸ್ರೇಲರು. 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಸಿನಗಾಗ್ ಕಟ್ಟಿಕೊಂಡ ಮರಾಠಿಗರು. 1880ರ ಆಸುಪಾಸಿನಲ್ಲಿ ಇವರು ಮರಾಠಿ ಕೀರ್ತನದ ಚೌಕಟ್ಟನ್ನು ಎತ್ತಿಕೊಂಡು ಹೀಬ್ರೂ ಬೈಬಲಿನ ಕಥೆಗಳಿಗೆ ಕೀರ್ತನ ಕಟ್ಟಿದರು. ಸಾಕಿ, ದಿಂಡಿಯಂಥ ಛಂದಸ್ಸುಗಳು, ನಡುವೆ ನಿರೂಪಣೆ, ಕಥೆ ಮಾತ್ರ ಅಬ್ರಹಾಮನದು, ಯೋಸೇಫನದು, ಮೋಶೆಯದು. ದೇವರಿಗೆ ಮರಾಠಿಯ ಯಾವ ಹೆಸರು, ಒಡಂಬಡಿಕೆಗೆ ಯಾವ ಪದ, ಬಲಿಗೆ ಯಾವ ಪದ ಎಂದು ಹಾಡು ಕಟ್ಟುವವನು ತೀರ್ಮಾನಿಸಲೇಬೇಕು. ಒಂದೊಂದು ತೀರ್ಮಾನವೂ ದೇವತಾಶಾಸ್ತ್ರವೇ. ಇದನ್ನು ‘ಸ್ಥಳೀಯ ಪ್ರಭಾವ’ ಎಂದು ಒಂದು ಸಾಲಿನಲ್ಲಿ ಮುಗಿಸುವವರು ಪ್ರಭಾವಕ್ಕೆ ಒಳಗಾದವರೂ ಯೋಚಿಸುತ್ತಿದ್ದರು ಎಂಬುದನ್ನು ಮರೆಯುತ್ತಾರೆ.

ಇನ್ನು ಎರಡನೆಯ ಎದುರಾಳಿ. ಇವರು ಹಾಡಿನ ಪಕ್ಷದವರು, ಹಾಗಾಗಿ ಇನ್ನೂ ಅಪಾಯಕಾರಿ. ಇವರ ಪ್ರಕಾರ ಬೈಬಲಿನ ಒಂದು ಹೆಸರು ಬಂದರೆ ಸಾಕು, ಪ್ರತಿ ಹಾಡೂ ‘ಆಧುನಿಕ ಮಿದ್ರಾಶ್’. ಪ್ರಶ್ನೆ ಕೇಳಿದರೆ ‘ಅದು ಕಲಾವಿದರ ಅನುಭವ’ ಎಂಬ ಗುರಾಣಿ. ಇದು ಗೌರವವಲ್ಲ, ಕೈತೊಳೆದುಕೊಳ್ಳುವ ಉಪಾಯ. ಮಗುವಿನ ಚಿತ್ರವನ್ನು ಮೆಚ್ಚಿ ಗೋಡೆಗೆ ಅಂಟಿಸುವವರು ಅದರ ಜೊತೆ ವಾದ ಮಾಡುವುದಿಲ್ಲ. ವಾದ ಮಾಡುವುದು ಸಮಾನರ ಜೊತೆ.

ಹಾಗಾದರೆ ಅಳತೆಗೋಲು ಯಾವುದು? ನಾನು ಮೂರು ಪ್ರಶ್ನೆ ಕೇಳುತ್ತೇನೆ. ಹಾಡು ಪಠ್ಯದ ನಿಜವಾದ ಬಿರುಕಿನಿಂದ, ಒಂದು ಮೌನದಿಂದ, ಒಂದು ವಿಚಿತ್ರ ಪದದಿಂದ, ಒಂದು ವಿರೋಧದಿಂದ ಹೊರಡುತ್ತದೆಯೇ? ತಾನು ಸೇರಿಸಿದ್ದಕ್ಕೆ ಪಠ್ಯದಲ್ಲಿ ಆಧಾರ ತೋರಿಸುತ್ತದೆಯೇ, ಇಲ್ಲವಾದರೆ ವಿರೋಧಿಸುತ್ತಿದ್ದೇನೆಂದು ಒಪ್ಪಿಕೊಳ್ಳುತ್ತದೆಯೇ? ಹಾಡು ಮುಗಿದ ಮೇಲೆ ಕೇಳಿದವರು ಪಠ್ಯಕ್ಕೆ ಹಿಂತಿರುಗಿದರೆ ಅಲ್ಲಿ ಮೊದಲು ಕಾಣದ್ದು ಕಾಣುತ್ತದೆಯೇ?

ಈ ಅಳತೆಗೋಲನ್ನು ಜಗತ್ತಿನಲ್ಲಿ ಅತಿ ಹೆಚ್ಚು ಜನ ಹಾಡುವ ಇಂಥ ಹಾಡಿನ ಮೇಲೇ ಇಡೋಣ. ಕೋಹೆನ್ ಅವರ ‘ಹಲ್ಲೆಲೂಯಾ’, 1984. ದಾವೀದ ಮಹಡಿಯ ಮೇಲಿಂದ ಸ್ನಾನ ಮಾಡುವವಳನ್ನು ಕಾಣುವ ಪ್ರಸಂಗದಿಂದ ಹಾಡು ಥಟ್ಟನೆ ಸಂಸೋನನ ಕೂದಲು ಕತ್ತರಿಸುವ ಪ್ರಸಂಗಕ್ಕೆ ಜಾರುತ್ತದೆ. ಇಬ್ಬರು ಹೆಂಗಸರು ಒಬ್ಬಳಾಗುತ್ತಾರೆ. ಸಿಂಹಾಸನ ಮುರಿದವಳು, ಕೂದಲು ಕತ್ತರಿಸಿದವಳು ಅವಳೇ. ಈಗ ಎರಡನೆಯ ಸಮುವೇಲದ ಹನ್ನೊಂದನೆಯ ಅಧ್ಯಾಯ ತೆರೆಯಿರಿ. ಬತ್ಷೆಬೆ ಏನನ್ನೂ ಮಾಡುವುದಿಲ್ಲ. ದಾವೀದ ನೋಡುತ್ತಾನೆ, ವಿಚಾರಿಸುತ್ತಾನೆ, ಆಳು ಕಳಿಸಿ ಕರೆಸಿಕೊಳ್ಳುತ್ತಾನೆ, ಅವಳ ಗಂಡನನ್ನು ಯುದ್ಧದಲ್ಲಿ ಕೊಲ್ಲಿಸುತ್ತಾನೆ. ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯ ಕಥೆ ಹೇಳಿ, ಆ ಮನುಷ್ಯ ನೀನೇ ಎಂದು ಬೊಟ್ಟು ಮಾಡುವುದು ಅರಸನಿಗೆ, ಅವಳಿಗಲ್ಲ. ಮೂರು ಸಾವಿರ ವರ್ಷದ ಹಿಂದಿನ ಅರಸನ ಕಥೆ ಹೇಳುವ ಗ್ರಂಥ ತಪ್ಪನ್ನು ಅರಸನ ತಲೆಗೆ ಕಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಹಾಡು ಬತ್ಷೆಬೆಯನ್ನು ದೆಲೀಲಳನ್ನಾಗಿ ಮಾಡಿ ತಪ್ಪನ್ನು ಹೆಣ್ಣಿನ ಕಡೆಗೆ ಸರಿಸುತ್ತದೆ. ಹಾಡಾಗಿ ಅದು ಎಷ್ಟೇ ದೊಡ್ಡದಿರಲಿ, ವ್ಯಾಖ್ಯಾನವಾಗಿ ಮೂಲಕ್ಕಿಂತ ಹಿಂದಿದೆ.

ಇದಕ್ಕೆ ಉತ್ತರವೂ ಇದೆ. ಅಲ್ಲಿ ಮಾತಾಡುತ್ತಿರುವುದು ಸೋತ ಗಂಡಸಿನ ಸ್ವಾನುಕಂಪ, ಕವಿ ಅದನ್ನು ಬೇಕೆಂದೇ ಬಯಲು ಮಾಡುತ್ತಿದ್ದಾರೆ ಎನ್ನಬಹುದು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಉತ್ತರ ಕೊಡುವವರು ಈಗ ಮಾಡುತ್ತಿರುವುದು ಏನು? ಪಠ್ಯ ತೆರೆದು, ಪದ ಹಿಡಿದು, ಯಾರ ದನಿ ಎಂದು ವಾದಿಸುತ್ತಿದ್ದಾರೆ. ನಾನು ಬೇಡುತ್ತಿರುವುದೂ ಅದನ್ನೇ. ನಲವತ್ತು ವರ್ಷ ಆ ಹಾಡನ್ನು ಮದುವೆಯಲ್ಲೂ ಶವಸಂಸ್ಕಾರದಲ್ಲೂ ಟಿವಿ ಸ್ಪರ್ಧೆಗಳಲ್ಲೂ ಹಾಡಿದವರಲ್ಲಿ ಬಹುತೇಕರು ಈ ಪ್ರಶ್ನೆಯನ್ನು ಕೇಳಲಿಲ್ಲ. ಏಕೆಂದರೆ ಹಾಡನ್ನು ಕೇಳುವುದು ಕಲಿತಿದ್ದೇವೆ, ಓದುವುದು ಕಲಿತಿಲ್ಲ.

ಅಳತೆಗೋಲಿಗೆ ಸರಿಹೊಂದುವ ಕೆಲಸವೂ ನಡೆದಿದೆ. ಅಮೆರಿಕದ ಕವಿ, ಪಿಟೀಲು ವಾದಕಿ ಅಲಿಶಿಯಾ ಜೋ ರಾಬಿನ್ಸ್ ‘ಗರ್ಲ್ಸ್ ಇನ್ ಟ್ರಬಲ್’ ಎಂಬ ಹೆಸರಿನಲ್ಲಿ ತೋರಾದ ಹೆಂಗಸರ ಮೇಲೆ ಹಾಡುಗಳ ಸರಣಿಯನ್ನೇ ಬರೆದಿದ್ದಾರೆ. ನ್ಯೂಯಾರ್ಕಿನ ಜ್ಯೂಯಿಶ್ ಥಿಯಾಲಾಜಿಕಲ್ ಸೆಮಿನರಿಯಲ್ಲಿ ಸ್ನಾತಕೋತ್ತರ ಅಧ್ಯಯನದ ಭಾಗವಾಗಿ ಶುರುವಾದ ಕೆಲಸ ಅದು. 2009ರಲ್ಲಿ ಮೊದಲ ಆಲ್ಬಮ್, ಆಮೇಲೆ 2011, 2015ರಲ್ಲಿ ಇನ್ನೆರಡು. ಅವರು ಎತ್ತಿಕೊಂಡ ಒಂದು ಪ್ರಸಂಗ ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯ. ಮಿರ್ಯಾಮಳೂ ಆರೋನನೂ ಮೋಶೆಯ ವಿರುದ್ಧ ಮಾತಾಡುತ್ತಾರೆ, ಹಿಮದಂತೆ ಬೆಳ್ಳಗಾಗುವ ಚರ್ಮರೋಗ ತಗಲುವುದು ಮಿರ್ಯಾಮಳಿಗೆ ಮಾತ್ರ. ಹೀಬ್ರೂ ವ್ಯಾಕರಣದಲ್ಲೇ ಒಂದು ಸುಳಿವಿದೆ. ಕರ್ತೃ ಇಬ್ಬರಾದರೂ ‘ಮಾತಾಡಿದಳು’ ಎಂದು ಕ್ರಿಯಾಪದ ಸ್ತ್ರೀಲಿಂಗ ಏಕವಚನದಲ್ಲಿದೆ. ಮಾತು ಶುರುಮಾಡಿದವಳು ಅವಳೇ ಎಂದು ಹಳೆಯ ಟೀಕಾಕಾರರು ಇದರಿಂದ ವಾದಿಸಿದರು, ಅಲ್ಲಿಗೆ ಶಿಕ್ಷೆಯ ಲೆಕ್ಕ ಸರಿಹೋಯಿತು. ಆದರೆ ಪಾಳೆಯದ ಹೊರಗೆ ಅವಳು ಕಳೆದ ಏಳು ದಿನ? ಪಠ್ಯ ಅದರ ಬಗ್ಗೆ ಹೇಳುವುದು ಇಷ್ಟೇ: ಅವಳು ಹಿಂತಿರುಗುವ ತನಕ ಜನ ಮುಂದೆ ಹೊರಡಲಿಲ್ಲ. ರಾಬಿನ್ಸ್ ಅವರ ಹಾಡು ಆ ಏಳು ದಿನಗಳ ಒಳಗಿನಿಂದ ಹೊರಡುತ್ತದೆ. ಅದನ್ನು ಕೇಳಿ ಅಧ್ಯಾಯಕ್ಕೆ ಹಿಂತಿರುಗಿದರೆ, ನಾವು ಸರ್ರನೆ ದಾಟಿಹೋಗುತ್ತಿದ್ದ ಆ ವಾಕ್ಯದಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಇಡೀ ಜನಾಂಗ ಒಬ್ಬ ಹೆಂಗಸಿಗಾಗಿ ಕಾಯುತ್ತ ನಿಂತಿತ್ತು.

ಇಷ್ಟೆಲ್ಲ ಕನ್ನಡದಲ್ಲಿ ಏಕೆ ಹೇಳಬೇಕು? ಏಕೆಂದರೆ ಇದರಲ್ಲಿ ನಮ್ಮ ಭಾಷೆ ಈಗಾಗಲೇ ಒಂದು ಪಕ್ಷ ಹಿಡಿದಿದೆ. ಬೈಬಲನ್ನು ಕನ್ನಡಕ್ಕೆ ತಂದವರು ಹೀಬ್ರೂವಿನ ‘ತೆಹಿಲ್ಲೀಮ್’ ಪುಸ್ತಕಕ್ಕೆ ಇಟ್ಟ ಹೆಸರು ‘ಕೀರ್ತನೆಗಳು’. ಐದು ಪುಸ್ತಕಗಳಿಗೆ ಆದಿಕಾಂಡ, ವಿಮೋಚನಕಾಂಡ ಎಂದು ರಾಮಾಯಣದ ‘ಕಾಂಡ’. ಹೀಬ್ರೂ ಹೆಸರಿನ ಅರ್ಥ ಸ್ತುತಿಗಳು ಎಂದು. ‘ಸ್ತೋತ್ರ’ ಎನ್ನಬಹುದಿತ್ತು. ‘ಕೀರ್ತನೆ’ ಎಂದ ಕೂಡಲೇ ಕನ್ನಡಿಗರ ಕಿವಿಯಲ್ಲಿ ಪುರಂದರದಾಸರು ಬಂದು ಕೂತರು, ತಂಬೂರಿ ಬಂತು, ಅಂಕಿತ ಬಂತು, ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಸಲಿಗೆ ಬಂತು. ಆ ಸಲಿಗೆ ಹೀಬ್ರೂ ಮೂಲದಲ್ಲೂ ಇದೆ. ಒಂದು ಶೀರ್ಷಿಕೆ ಪುಟಗಟ್ಟಲೆ ವ್ಯಾಖ್ಯಾನ ಮಾಡಿಬಿಟ್ಟಿತು, ಅದನ್ನು ಮಾಡಿದ್ದು ಹಾಡಿನ ಹೆಸರು.

ಆದರೂ ಬೈಬಲಿನ ಸ್ತ್ರೀಪಾತ್ರಗಳ ಕುರಿತ ಒಂದು ಪ್ರಬಂಧ ಸಂಕಲನವನ್ನು ಅನುವಾದಿಸುತ್ತಿದ್ದಾಗ ಸಂಪಾದಕರೊಬ್ಬರು ನನಗೆ ಹೇಳಿದ್ದು ಹೀಗೆ: “ಹಾಡುಗಳ ಬಗ್ಗೆ ಇರುವ ಎರಡು ಅಧ್ಯಾಯ ಬಿಟ್ಟುಬಿಡಿ, ಅದು ಸಂಗೀತದವರ ವಿಷಯ, ನಮ್ಮ ಓದುಗರಿಗೆ ವಿಚಾರ ಬೇಕು.” ಹಾಡಿನಲ್ಲಿ ವಿಚಾರವಿಲ್ಲ ಎಂದು ಇಂಗ್ಲಿಷಿನವನು ಹೇಳಿದ್ದರೆ ಸುಮ್ಮನಿರಬಹುದಿತ್ತು. ವಚನ, ಕೀರ್ತನೆ, ತತ್ವಪದಗಳ ಭಾಷೆಯಲ್ಲಿ ಕೂತು ಹೀಗೆ ಹೇಳುವುದಕ್ಕೆ ವಿಶೇಷ ಧೈರ್ಯ ಬೇಕು. ಕನಕದಾಸರಲ್ಲಿ ವಿಚಾರ ಹುಡುಕಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೇರೆಯವರ ಹಾಡೆಂದ ಕೂಡಲೇ ಅದು ಮನರಂಜನೆಯಾಗಿಬಿಡುತ್ತದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಯೆಹೂದಿ ಗ್ರಂಥದ ಬಗ್ಗೆ ಕನ್ನಡದಲ್ಲಿ ಬರೆಯುವವರು ರಾಶಿಯ ಟೀಕೆಯನ್ನು ಉಲ್ಲೇಖಿಸುವಷ್ಟೇ ಸಹಜವಾಗಿ ಒಂದು ಪಿಯ್ಯುತನ್ನೂ ಕೊಚ್ಚಿಯ ಹೆಂಗಸರ ಹಾಡನ್ನೂ ಉಲ್ಲೇಖಿಸಲಿ. ಅನುವಾದಿಸುವವರು ಹಾಡಿಗೂ ಅಡಿಟಿಪ್ಪಣಿ ಬರೆಯಲಿ: ಯಾವ ಅಧ್ಯಾಯ, ಯಾವ ಪದ, ಯಾವ ಮೌನ. ಪ್ರಕಾಶಕರು ಆ ಅಧ್ಯಾಯಗಳನ್ನು ಉಳಿಸಿಕೊಳ್ಳಲಿ. ಹಾಡನ್ನು ಇಷ್ಟಪಡುವವರು ಅದರ ಜೊತೆ ಜಗಳವಾಡಲಿ. ಮಿರ್ಯಾಮಳು ‘ಹಾಡಿರಿ’ ಎಂದು ಕರೆದದ್ದು ಬಹುವಚನದಲ್ಲಿ. ಆ ಬಹುವಚನದೊಳಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂದು ತೀರ್ಮಾನಿಸುವ ಅಧಿಕಾರವನ್ನು ಗದ್ಯ ಬರೆಯುವವರಿಗೆ ಯಾರೂ ಕೊಟ್ಟಿಲ್ಲ.